ಕಟ್ಟೆ ಬಂತು, ಸ್ಟೂಲು ಬರಲಿಲ್ಲ

[ದೃಶ್ಯ: ಕ್ಯಾಮೆರಾ ನೆಲದ ಮಟ್ಟದಲ್ಲಿ. ಗ್ರಾನೈಟ್ ಕಟ್ಟೆಯ ಬುಡದಲ್ಲಿ ಹಳೇ ಹಲಸಿನ ಮರದ ಮಣೆ. ಅದರ ಮೇಲೆ ಎರಡು ಪಾದ.]

ಇದು ನಮ್ಮಮ್ಮನ ಕಾಲು. ಕೆಳಗಿರೋದು ಊಟಕ್ಕೆ ಕೂರುವ ಮಣೆ, ನಮ್ಮಜ್ಜಿ ಕಾಲದ್ದು. ನಾಲ್ಕು ಮೂಲೆಗೂ ಹಿತ್ತಾಳೆ ಹೂವು ಹೊಡೆದಿದ್ದರಂತೆ, ಈಗ ಒಂದು ಮಾತ್ರ ಉಳಿದಿದೆ. ಅಮ್ಮ ಇದರ ಮೇಲೆ ಕೂತು ಊಟ ಮಾಡಿ ಮೂವತ್ತು ವರ್ಷ ಆಗಿರಬೇಕು. ಆದರೆ ದಿನಕ್ಕೆ ನಾಲ್ಕು ಸಲ ಇದರ ಮೇಲೆ ನಿಲ್ಲುತ್ತಾರೆ. ಯಾಕಂದ್ರೆ ಅಮ್ಮನ ಎತ್ತರ 4 ಅಡಿ 11 ಇಂಚು, ಕಟ್ಟೆಯದು 34 ಇಂಚು. ಕಟ್ಟೆ ಮೇಲೆ ಸ್ಟೌ, ಸ್ಟೌ ಮೇಲೆ ಕುಕ್ಕರ್. ಮಣೆ ಹತ್ತದಿದ್ದರೆ ಒಳಗೆ ಬೇಳೆ ಬೆಂದಿದೆಯೋ ಇಲ್ಲವೋ ಕಾಣಲ್ಲ.

ಕೂರೋಕೆ ಮಾಡಿದ ಮಣೆ ನಿಲ್ಲೋಕೆ ಯಾವಾಗ ಬಂತು? ಇವತ್ತಿನ ವಿಷಯ ಅದೇ. ನಮಸ್ಕಾರ.

[ದೃಶ್ಯ: ಹಳ್ಳಿಮನೆಯ ಅಡುಗೆಮನೆ. ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ, ಮೂಲೆಯಲ್ಲಿ ಒರಳು.]

ನಮ್ಮಜ್ಜಿ ಮನೆ ಅರಸೀಕೆರೆ ಕಡೆ. ಅಲ್ಲಿ ಅಡುಗೆ ಅಂದರೆ ನೆಲದ ಕೆಲಸ. ಒಲೆ ನೆಲದಲ್ಲಿ, ಪಕ್ಕದ ಕೋಡೊಲೆ ಮೇಲೆ ಸಾರು ಬಿಸಿಯಾಗಿರುತ್ತಿತ್ತು. ಈಳಿಗೆ ಮಣೆ ಮೇಲೆ ಒಂದು ಕಾಲು ಮಡಚಿ ಕೂತು ತರಕಾರಿ ಹೆಚ್ಚೋದು. ಒರಳು ನೆಲಕ್ಕೇ ಹೂತಿದ್ದು. ಊಟವೂ ನೆಲದ ಮೇಲೇ, ಎಲೆ ಹಾಕಿ. ಎಲ್ಲರ ಕಣ್ಣೂ ಒಂದೇ ಎತ್ತರದಲ್ಲಿರುತ್ತಿತ್ತು. ಒಬ್ಬರು ರುಬ್ಬಿದರೆ ಇನ್ನೊಬ್ಬರು ಒರಳಿನ ಅಂಚಿಗೆ ಬಂದಿದ್ದನ್ನು ತಳ್ಳೋರು. ನಾಲ್ಕು ಹೆಂಗಸರು ಕೂತರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತು.

ಚೆನ್ನಾಗಿದೆ ಅನ್ನಿಸುತ್ತೆ ಅಲ್ವಾ? ತಾಳಿ. ಅದೇ ಅಡುಗೆಮನೆಯ ಜಂತೆ ನೋಡಿದರೆ ಟಾರು ಬಳಿದ ಹಾಗೆ ಕಪ್ಪು. ಊದುಕೊಳವೆ ಊದಿ ಊದಿ ಅಜ್ಜಿಗೆ ಅರವತ್ತಕ್ಕೇ ಕೆಮ್ಮು. ಎದ್ದು ಕೂತು ಮಾಡಿ ಮಂಡಿ ಹೋಗಿತ್ತು. ಮನೆಯ ತೀರಾ ಒಳಗಿನ ಕೋಣೆ ಅದು, ಮಡಿ ಅನ್ನೋ ಬೇಲಿ ಬೇರೆ. ತಿಂಗಳಿಗೆ ಮೂರು ದಿನ ಮನೆಯ ಹೆಂಗಸರಿಗೇ ಪ್ರವೇಶ ಇಲ್ಲ. ಜಾತಿಯ ಕಾರಣಕ್ಕೆ ಎಂದೂ ಹೊಸ್ತಿಲು ದಾಟದವರು ಇನ್ನೆಷ್ಟೋ ಜನ. ಆ ಅಡುಗೆಮನೆ ವಾಪಸ್ ಬರಲಿ ಅಂತ ನಾನು ಹೇಳ್ತಾ ಇಲ್ಲ.

ಹೊಗೆಗೆ ಬೆಂಗಳೂರಿನಲ್ಲೇ ಒಂದು ಉತ್ತರ ಹುಡುಕಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರು ಮಾಡಿದರು. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ: ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. ಒಳ್ಳೇ ಒಲೆ. ಆದರೆ ನಮ್ಮನ್ನು ನೆಲದಿಂದ ಎಬ್ಬಿಸಿದ್ದು ಬೇರೆ.

[ದೃಶ್ಯ: ಗ್ಯಾಸ್ ಸಿಲಿಂಡರ್ ಕ್ಲೋಸಪ್.]

ಇದು, ಈ ಸಿಲಿಂಡರ್.

ನಮ್ಮ ಮನೆಗೆ ಗ್ಯಾಸ್ ಬಂದಿದ್ದು ವರ್ಷಗಟ್ಟಲೆ ಕಾದ ಮೇಲೆ. ಏಜೆನ್ಸಿ ಹುಡುಗ ಬಂದು ಅಡುಗೆಮನೆ ನೋಡಿ, "ಎಲ್ಲಮ್ಮಾ ಕಟ್ಟೆ? ನೆಲದ ಮೇಲೆ ಇಡೋ ಹಾಗಿಲ್ಲ" ಅಂದನಂತೆ. ಅವನು ಹೇಳಿದ್ದು ಸರಿಯೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೀರಿನ ಥರ ನೆಲದ ಮೇಲೆ ಹರಡಿಕೊಳ್ಳುತ್ತೆ. ಅಲ್ಲೇ ಬೆಂಕಿ ಇದ್ದರೆ ಕಥೆ ಮುಗೀತು. ಅದಕ್ಕೇ ಸ್ಟೌ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಅನ್ನೋ ನಿಯಮ. ಸಿಲಿಂಡರ್ರೇ ಎರಡಡಿ ಮೀರುತ್ತೆ, ಮೇಲೆ ರೆಗ್ಯುಲೇಟರ್. ಅದು ಕಟ್ಟೆ ಕೆಳಗೆ ಕೂರಬೇಕು ಅಂದರೆ ಕಟ್ಟೆ ಎಷ್ಟು ಎತ್ತರ ಬೇಕು, ನೀವೇ ಲೆಕ್ಕ ಹಾಕಿ. ನನಗೆ ಅನ್ನಿಸೋದು ಇಷ್ಟು: ನಮ್ಮ ಎಷ್ಟೋ ಮನೆಗಳಲ್ಲಿ ಕಟ್ಟೆಯ ಎತ್ತರ ಗೊತ್ತು ಮಾಡುವಾಗ ಅಳತೆ ತಗೊಂಡಿದ್ದು ಹೆಂಗಸಿನದ್ದಲ್ಲ, ಸಿಲಿಂಡರಿನದ್ದು.

ಮೇಸ್ತ್ರಿ ಬಂದ. ಎರಡು ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೊಂದು ಕಡಪ ಕಲ್ಲು ಹಾಸಿದ. ಒಂದೇ ದಿನದ ಕೆಲಸ. ಅಜ್ಜಿ ಎದ್ದು ನಿಂತರು.

ಒರಳು ಮಾತ್ರ ಇನ್ನೂ ನೆಲದಲ್ಲೇ ಇತ್ತು. ಅದನ್ನು ತೆಗೆಸಿದ್ದು ಮಿಕ್ಸಿ. ಈ ಮಿಕ್ಸಿ ಕಥೆ ನನಗೆ ಬಹಳ ಇಷ್ಟ. 1960ರ ದಶಕದ ಆರಂಭ, ಮುಂಬೈಯಲ್ಲಿ ಮಾಧುರಿ ಮಾಥುರ್ ಅವರ ಹತ್ತಿರ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ಅಲ್ಲಿನ ಅಡುಗೆಗೆ ಮಾಡಿದ್ದು, ನಮ್ಮ ಮಸಾಲೆ ರುಬ್ಬಿ ಸುಟ್ಟುಹೋಯಿತು. ಗಂಡ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್‌ನಲ್ಲಿ ಇಂಜಿನಿಯರ್. ನಮ್ಮ ರುಬ್ಬುವಿಕೆ ತಡೆಯೋ ಮೋಟಾರ್ ಹಾಕಿ ಅವರು ಮಾಡಿದ ಯಂತ್ರವೇ ಸುಮೀತ್ ಮಿಕ್ಸಿ. ಅಲ್ಲಿಗೆ ನೆಲದ ಮೇಲೆ ಮಾಡೋ ಕೆಲಸ ಏನೂ ಉಳಿಯಲಿಲ್ಲ.

[ದೃಶ್ಯ: ಕಪ್ಪುಬಿಳುಪು ಚಿತ್ರ. ಕಿರಿದಾದ ಅಡುಗೆಮನೆ, ಕಿಟಕಿ, ಸಾಲು ಡ್ರಾಯರ್.]

ಈಗ ಜರ್ಮನಿಗೇ ಹೋಗೋಣ, 1926ರ ಫ್ರಾಂಕ್‌ಫರ್ಟ್‌ಗೆ. ಮೊದಲ ಮಹಾಯುದ್ಧದ ನಂತರ ಅಲ್ಲಿ ಮನೆಗಳಿಗೆ ಬರಗಾಲ. ನಗರದ ವಾಸ್ತುಶಿಲ್ಪಿ ಅರ್ನ್ಸ್ಟ್ ಮೇ ಕಾರ್ಮಿಕರಿಗೆ ಸಾವಿರಾರು ಮನೆ ಕಟ್ಟಿಸುತ್ತಿದ್ದ. ಅಡುಗೆಮನೆಯ ಜವಾಬ್ದಾರಿ ವಿಯೆನ್ನಾದ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಅನ್ನೋ ವಾಸ್ತುಶಿಲ್ಪಿಗೆ ಬಂತು. ಆಕೆ ರೈಲಿನ ಊಟದ ಬೋಗಿಯ ಅಡುಗೆಕೋಣೆ ನೋಡಿದರು: ಕೈಚಾಚಿದರೆ ಎಲ್ಲಾ ಸಿಗಬೇಕು, ಒಂದು ಹೆಜ್ಜೆಯೂ ದಂಡವಾಗಬಾರದು. ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಕೋಣೆ. ಅಂಥವು ಸುಮಾರು 10,000 ತಯಾರಾದವು. ಇವತ್ತು ನಾವು ಮಾಡ್ಯುಲರ್ ಕಿಚನ್ ಅಂತ ಲಕ್ಷಗಟ್ಟಲೆ ಸುರಿಯೋದರ ಮುತ್ತಜ್ಜಿ ಇದು.

ಚೂರು ಹತ್ತಿರದಿಂದ ನೋಡಿ. ಅಕ್ಕಿ, ಸಕ್ಕರೆಗೆಲ್ಲ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಿಗಳು, ಡ್ರಾಯರ್ ಥರ ಎಳೆದು ಹಾಗೇ ಪಾತ್ರೆಗೆ ಸುರಿಯಬಹುದು. ಹಿಟ್ಟಿನ ಡಬ್ಬಿ ಮಾತ್ರ ಓಕ್ ಮರದ್ದು, ಹುಳ ಬೀಳಬಾರದು ಅಂತ. ಬಣ್ಣ ನೀಲಿ, ಯಾಕಂದ್ರೆ ನೀಲಿ ಕಂಡರೆ ನೊಣ ಬರಲ್ಲ ಅನ್ನೋ ನಂಬಿಕೆ. ಕಿಟಕಿ ಎದುರಿಗೆ ತರಕಾರಿ ಹೆಚ್ಚೋ ಹಲಗೆ. ಅದರ ಮುಂದೆ?

[ದೃಶ್ಯ: ಸ್ಟೂಲಿನ ಮೇಲೆ ವೃತ್ತ ಎಳೆಯುವುದು.]

ಸ್ಟೂಲು! ತಿರುಗೋ ಸ್ಟೂಲು. ಕೂತು ಮಾಡಬಹುದಾದ ಕೆಲಸ ಕೂತೇ ಮಾಡಲಿ ಅಂತ ಹಲಗೆಯ ಕೆಳಗೆ ಮಂಡಿಗೆ ಜಾಗ ಬಿಟ್ಟಿದ್ದಾರೆ. ತಮಾಷೆ ಅಂದರೆ, ಇದನ್ನು ಮಾಡೋ ತನಕ ತಾನು ಮನೆ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲ ಅಂತ ಆಕೆಯೇ ಆಮೇಲೆ ಹೇಳಿಕೊಂಡಿದ್ದಾರೆ. (ನಾಜಿಗಳ ವಿರುದ್ಧ ಕೆಲಸ ಮಾಡಿ 1941ರಲ್ಲಿ ಸೆರೆಸಿಕ್ಕಿ, 1945ರ ತನಕ ಜೈಲಲ್ಲಿದ್ದ ಹೆಂಗಸು. ನೂರೆರಡು ವರ್ಷ ಬದುಕಿದರು. ಜನ ಕೇಳುತ್ತಿದ್ದಿದ್ದು ಮಾತ್ರ ಆ ಅಡುಗೆಮನೆ ಬಗ್ಗೆನೇ!)

ಕಟ್ಟೆ, ಕ್ಯಾಬಿನೆಟ್ಟು, ಹೆಜ್ಜೆ ಲೆಕ್ಕ, ಎಲ್ಲಾ ಲೋಕ ಸುತ್ತಿಕೊಂಡು ನಮ್ಮ ಮನೆ ಪ್ಲಾನ್‌ಗಳಿಗೂ ಬಂತು. ಸ್ಟೂಲು ಬರಲಿಲ್ಲ. ಮಂಡಿ ಇರಬೇಕಾದ ಜಾಗದಲ್ಲಿ ಮೊದಲು ಸಿಲಿಂಡರ್ ಬಂತು, ಆಮೇಲೆ ತಟ್ಟೆ ಲೋಟದ ಬುಟ್ಟಿ ಬಂತು. ಸಾವಿರ ವರ್ಷ ಕೂತು ಅಡುಗೆ ಮಾಡಿದವರು ಒಂದೇ ತಲೆಮಾರಲ್ಲಿ ಪೂರ್ತಿ ನಿಂತುಬಿಟ್ಟರು. ಚಪಾತಿ ಲಟ್ಟಿಸೋದೂ ನಿಂತೇ, ಬೆಳ್ಳುಳ್ಳಿ ಸುಲಿಯೋದೂ ನಿಂತೇ.

ಇನ್ನೊಂದು ಬಂತು ಜೊತೆಗೆ, ಅದು ಅಳತೆ ಟೇಪಿಗೆ ಸಿಗಲ್ಲ. ಆ ಜರ್ಮನ್ ಕೋಣೆ ಒಬ್ಬರಿಗೆ ಅಂತಲೇ ಮಾಡಿದ್ದು. ಇಬ್ಬರು ನಿಂತರೆ ಮೈ ತಾಗುತ್ತೆ. 1970ರ ದಶಕದಲ್ಲಿ ಅಲ್ಲಿನ ಸ್ತ್ರೀವಾದಿಗಳು ಇದನ್ನೇ ಹಿಡಿದು ಬೈದರು, ಹೆಂಗಸನ್ನು ಒಬ್ಬಳೇ ಕೂಡಿಹಾಕಿದಿರಿ ಅಂತ. ನಮ್ಮ 30-40 ಸೈಟಿನ ಮನೆಗಳನ್ನು ನೋಡಿ. ಹಾಲ್ ದೊಡ್ಡದು ಬೇಕು, ಕಾರಿಗೆ ಜಾಗ ಬೇಕು, ಅಡುಗೆಮನೆಗೆ ಉಳಿದಿದ್ದು ಆಗ್ನೇಯ ಮೂಲೆ. ಅದರಲ್ಲಿ ಫ್ರಿಜ್ ಬಾಗಿಲು ತೆಗೆದರೆ ಅತ್ತೆ ಹೊರಗೆ ಬಂದ ಮೇಲೇ ಸೊಸೆ ಒಳಗೆ ಹೋಗಬೇಕು. "ಗಂಡಸರು ಅಡುಗೆಮನೆಗೆ ಬರಲ್ಲ" ಅನ್ನೋ ದೂರು ಸುಳ್ಳೇನಲ್ಲ. ಆದರೆ ಬಂದವನಿಗೆ ನಿಲ್ಲೋಕೂ ಜಾಗ ಇಡದೆ ಪ್ಲಾನ್ ಹಾಕಿಸಿಕೊಂಡಿರೋದು ನಾವೇ.

[ದೃಶ್ಯ: ಅಪಾರ್ಟ್‌ಮೆಂಟಿನ ಓಪನ್ ಕಿಚನ್, ಪಕ್ಕದಲ್ಲಿ ಯುಟಿಲಿಟಿ.]

ಈಗ ಗೋಡೆ ಒಡೆದಿದ್ದಾರೆ, ಓಪನ್ ಕಿಚನ್. ಇಷ್ಟು ದಿನ ಮನೆಯ ತೀರಾ ಒಳಗಿದ್ದ ಕೋಣೆ ಹಾಲ್‌ನಲ್ಲಿ ಬಂದು ಕೂತಿದೆ. ಮಡಿಯ ಬೇಲಿಯನ್ನು ಭಾಷಣಕ್ಕಿಂತ ಚೆನ್ನಾಗಿ ಈ ಪ್ಲಾನ್ ಕಿತ್ತಿದೆ ಅಂತ ನನ್ನ ಅನಿಸಿಕೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸೋಫಾದಲ್ಲಿ ಕೂತ ನೆಂಟರು ಕೆಮ್ಮುತ್ತಾರೆ, ಅದಕ್ಕೆ ಚಿಮಣಿ. ಚಿಮಣಿ ಹಾಕಿದರೆ ಆ ಗುಂಯ್ ಸದ್ದಿಗೆ ಮಾತೇ ಕೇಳಲ್ಲ, ಅದು ಬೇರೆ.

ಯುಟಿಲಿಟಿ ಅನ್ನೋ ಮೂರಡಿ ಜಾಗ ಏನು ಗೊತ್ತಾ? ಅದು ನಮ್ಮ ಹಿತ್ತಲು. ಪಾತ್ರೆ, ಬಟ್ಟೆ, ಪೊರಕೆ ಎಲ್ಲಾ ಅಲ್ಲೇ. ಪಾತ್ರೆ ತೊಳೆಯೋಕೆ ಬರೋ ಆಂಟಿಯೂ ಅಲ್ಲೇ. ಅಂದರೆ ಬೇಲಿ ಪೂರ್ತಿ ಹೋಗಿಲ್ಲ, ನಾಲ್ಕು ಹೆಜ್ಜೆ ಆಚೆ ಸರಿದಿದೆ.

[ದೃಶ್ಯ: ಮತ್ತೆ ಅಮ್ಮನ ಅಡುಗೆಮನೆ. ಅಳತೆ ಟೇಪು.]

ಸರಿ, ನಿಮ್ಮ ಕಟ್ಟೆ ಅಳೆಯೋದು ಹೇಗೆ? ಅಡುಗೆ ಮಾಡೋರು ನೆಟ್ಟಗೆ ನಿಂತು ಮೊಣಕೈ ಮಡಚಲಿ. ಮೊಣಕೈಯಿಂದ 4ರಿಂದ 6 ಇಂಚು ಕೆಳಗೆ ಹೆಚ್ಚೋ ಜಾಗ ಇರಬೇಕು. ಸ್ಟೌ ಇಡೋ ಭಾಗ ಇನ್ನೂ ತಗ್ಗಿದ್ದರೆ ಒಳ್ಳೇದು, ಅದರ ಮೇಲೆ ಪಾತ್ರೆಯ ಎತ್ತರ ಸೇರುತ್ತಲ್ಲ. ಕಾರ್ಪೆಂಟರ್ "ಸ್ಟ್ಯಾಂಡರ್ಡ್ ಸೈಜು ಸಾರ್" ಅಂದರೆ, "ಯಾರ ಸ್ಟ್ಯಾಂಡರ್ಡು?" ಅಂತ ಕೇಳಿ. ನಮ್ಮಲ್ಲಿ ಹೆಂಗಸರ ಸರಾಸರಿ ಎತ್ತರ ಐದಡಿ ಆಸುಪಾಸು. ಅಮ್ಮನ ಲೆಕ್ಕಕ್ಕೆ ನಮಗೆ ಬಂದಿದ್ದು 31 ಇಂಚು.

ಗ್ರಾನೈಟ್ ಒಡೆಸೋಕೆ ಅಮ್ಮ ಒಪ್ಪಲಿಲ್ಲ. ಮೊದಲು ನಾನೊಂದು ಎತ್ತರದ ಸ್ಟೂಲು ತಂದೆ. ಕಾಲು ನೇತಾಡುತ್ತೆ ಅಂತ ಅದರ ಮೇಲೆ ಹಳೇ ಪೇಪರ್ ಪೇರಿಸಿಟ್ಟರು. ಆಮೇಲೆ ಕಾರ್ಪೆಂಟರ್ ಕಟ್ಟೆ ಕೆಳಗಿನ ಒಂದು ಕ್ಯಾಬಿನೆಟ್ ಕಿತ್ತು, 26 ಇಂಚು ಎತ್ತರದಲ್ಲಿ ಎಳೆದುಕೊಳ್ಳೋ ಹಲಗೆ ಮಾಡಿಕೊಟ್ಟ. ಕೆಳಗೆ ಖಾಲಿ, ಮಂಡಿಗೆ ಜಾಗ. ಮಾಮೂಲಿ ಕುರ್ಚಿ ಸಾಕು.

[ದೃಶ್ಯ: ಅಮ್ಮ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಾರೆ. ಹಲಗೆಯ ಈಚೆ ಬದಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ, ಮುಂದೆ ಬಟಾಣಿ ರಾಶಿ.]

ಅಪ್ಪನನ್ನು ಯಾರೂ ಕರೆದಿರಲಿಲ್ಲ. ಎರಡನೇ ದಿನ ಕುರ್ಚಿ ಎಳೆದುಕೊಂಡು ಬಂದು ಕೂತರು. ಬಟಾಣಿ ಸುಲಿಯುತ್ತಾರೆ, ಪಾತ್ರೆಗೆ ಹೋಗೋದಕ್ಕಿಂತ ಬಾಯಿಗೆ ಹೋಗೋದೇ ಜಾಸ್ತಿ. ಅಮ್ಮ ಬೈತಾರೆ. ಅವರು ಎದ್ದು ಹೋಗಲ್ಲ.

ಮಣೆ ಇನ್ನೂ ಅಲ್ಲೇ ಇದೆ, ಸ್ಟೌ ಮುಂದೆ.