ಎರಡನೆಯ ಬಹುಮಾನ

ಕೇಳುಗರಿಗೆ ನಮಸ್ಕಾರ. ಮಕ್ಕಳನ್ನು ಸಂಗೀತ ಪಾಠಕ್ಕೆ ಕರೆತಂದು, ಮುಗಿಯುವ ತನಕ ಹೊರಗೆ ಜಗಲಿಯಲ್ಲಿ ಕಾದು ಕೂರುವ ತಾಯಿತಂದೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. 2014ರ ಅಮೆರಿಕನ್ ಚಿತ್ರ ‘ಬಿಯಾಂಡ್ ದಿ ಲೈಟ್ಸ್’ ಅನ್ನು ನೀವು ನೋಡಲೇಬೇಕು. ನಿರ್ದೇಶಕಿ ಜೀನಾ ಪ್ರಿನ್ಸ್ ಬೈಥ್‌ವುಡ್. ನೋನಿ ಎಂಬ ಪಾಪ್ ಗಾಯಕಿಯ ಕಥೆ. ಪಾತ್ರ ಮಾಡಿದವರು ಗುಗು ಎಂಬಾಥಾ ರಾ.

ಆರಂಭದ ದೃಶ್ಯವನ್ನು ಬಿಡಿಸಿ ಹೇಳುತ್ತೇನೆ. ಲಂಡನ್ ನಗರ. ತಾಯಿ ಬಿಳಿಯ ಹೆಂಗಸು, ಮಗಳದು ಒತ್ತಾದ ಗುಂಗುರು ಕೂದಲು. ಅದನ್ನು ಹೇಗೆ ಬಾಚುವುದೆಂದು ತಾಯಿಗೆ ಗೊತ್ತಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಪಾರ್ಲರಿಗೆ ಓಡಿ, ದಮ್ಮಯ್ಯ ಎಂದು ಬೇಡಿಕೊಳ್ಳುತ್ತಾಳೆ. ಆ ತಾಯಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಹುಡುಗಿ ಸ್ಪರ್ಧೆಯಲ್ಲಿ ಅಮೆರಿಕದ ಹೆಸರಾಂತ ಗಾಯಕಿ ನೀನಾ ಸಿಮೋನ್ ಅವರ ‘ಬ್ಲ್ಯಾಕ್‌ಬರ್ಡ್’ ಹಾಡುತ್ತಾಳೆ. ಎಂಥ ಹಾಡು! ಬಂದದ್ದು ಎರಡನೆಯ ಬಹುಮಾನ. ಹೊರಗೆ ಬಂದದ್ದೇ ತಾಯಿ, ಆ ಟ್ರೋಫಿಯನ್ನು ಎಸೆ ಎನ್ನುತ್ತಾಳೆ. ಮಗು ಎಸೆಯುತ್ತದೆ.

ಮಗು ಹೇಗೆ ಹಾಡಿತೆಂದು ಆ ತಾಯಿ ಒಂದು ಮಾತೂ ಆಡುವುದಿಲ್ಲ. ಹಾಡುವ ಮಗುವಿಗೆ ಮೊದಲು ಕಿವಿಗೊಡಿ, ನಾನು ಹೇಳುವುದು ಇಷ್ಟೇ.

ಮುಂದೆ ನೋನಿ ತಾರೆಯಾಗುತ್ತಾಳೆ. ನೇರಳೆ ಬಣ್ಣದ ಚೌರಿ, ಅರೆಬರೆ ಉಡುಪು. ತಾಯಿಯೇ ಮ್ಯಾನೇಜರ್. ಸಂಗೀತ ಕಂಪನಿಗೆ ಬೇಕಾದುದು ಅವಳ ಮೈಮಾಟ, ಕಂಠವಲ್ಲ. ದೊಡ್ಡ ಪ್ರಶಸ್ತಿ ಬಂದ ರಾತ್ರಿಯೇ ಅವಳು ಹೋಟೆಲಿನ ಬಾಲ್ಕನಿಯಿಂದ ಹಾರಲು ಹೊರಡುತ್ತಾಳೆ. ಪೊಲೀಸನೊಬ್ಬ ಕೈಹಿಡಿದು ಉಳಿಸುತ್ತಾನೆ. ಪತ್ರಕರ್ತರಿಗೆ ಮಾತ್ರ ಕುಡಿದ ಅಮಲಿನ ಕಥೆ ಹೇಳಲಾಗುತ್ತದೆ. ಆಲ್ಬಂ ಬಿಡುಗಡೆಗೆ ಧಕ್ಕೆ ಬರಬಾರದಲ್ಲ!

‘ಯಾವ ಹಾಡು ಕಲಿಸಿದರೆ ಟಿವಿಯಲ್ಲಿ ಬಹುಮಾನ ಬರುತ್ತದೆ ಮೇಡಂ?’ ಎಂದು ನನ್ನನ್ನು ವಾರಕ್ಕೊಬ್ಬರಾದರೂ ಕೇಳುತ್ತಾರೆ. ದಯವಿಟ್ಟು ಕೇಳಬೇಡಿ. ನಿಮ್ಮ ಮಗಳು ಬಚ್ಚಲಲ್ಲಿ ಗುನುಗುವ ಹಾಡು ಯಾವುದೆಂದು ಹೇಳಿ, ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತೇನೆ. ಮಗುವಿಗೆ ಕಿವಿಗೊಡಿ.

ಸಮಯವಾಯಿತೆಂದು ಸನ್ನೆ ಮಾಡುತ್ತಿದ್ದಾರೆ. ಸಂಗೀತ ಕಂಪನಿಗಳ ಕರಾರುಗಳ ಬಗ್ಗೆ ಹೇಳುವುದು ಉಳಿದೇಹೋಯಿತು. ಮೆಕ್ಸಿಕೋದ ದೃಶ್ಯವನ್ನಾದರೂ ಹೇಳಿಬಿಡುತ್ತೇನೆ. ನೋನಿ ಚೌರಿಯನ್ನೆಲ್ಲ ಬಿಚ್ಚಿಹಾಕಿದ್ದಾಳೆ, ಹುಟ್ಟಿನ ಗುಂಗುರು ಕೂದಲು ಮರಳಿ ಬಂದಿದೆ. ಕರೋಕೆ ಮೈಕಿನ ಮುಂದೆ ನಿಂತು ಅದೇ ‘ಬ್ಲ್ಯಾಕ್‌ಬರ್ಡ್’ ಹಾಡುತ್ತಾಳೆ. ಅಲ್ಲಿ ತೀರ್ಪುಗಾರರು ಯಾರೂ ಇಲ್ಲ. ನಮಸ್ಕಾರ.