ನೋಡಿದವರು ಬೇರೆ, ರೊಕ್ಕ ಕೊಟ್ಟವರು ಬೇರೆ

ಕೇಳುಗರಿಗೆ ನಮಸ್ಕಾರ.

ಧಾರವಾಡ ಆಕಾಶವಾಣಿಯವರು ಇಂದು ನನಗೆ ಒಪ್ಪಿಸಿರುವ ವಿಷಯವೆಂದರೆ ಯುವಕರಿಗಾಗಿಯೇ ಹುಟ್ಟಿ, ಬೆಳೆದು, ಕೊನೆಗೆ ಸದ್ದಿಲ್ಲದೆ ಮುಚ್ಚಿಹೋದ ಒಂದು ಕೇಬಲ್ ವಾಹಿನಿಯ ಕಥೆ. ಆ ವಾಹಿನಿಯ ಹೆಸರು ಚಾನೆಲ್ ವಿ. ಅದು 1994ರ ಮೇ ತಿಂಗಳಲ್ಲಿ ಆರಂಭವಾಯಿತು. 2021ರ ಸೆಪ್ಟೆಂಬರ್ 15ರಂದು ಭಾರತದಲ್ಲಿ ತನ್ನ ಪ್ರಸಾರವನ್ನು ನಿಲ್ಲಿಸಿತು. ಏಕೆ ಮುಚ್ಚಿತು ಎಂದು ನಮ್ಮ ಹುಬ್ಬಳ್ಳಿಯಲ್ಲಿ ಯಾರನ್ನು ಕೇಳಿದರೂ “ಮೊಬೈಲ್ ಬಂತಲ್ರೀ ಸರ” ಎಂದು ತಟ್ಟನೆ ಉತ್ತರಿಸುತ್ತಾರೆ. ಬಹಳ ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸಿದವನು ನಾನು. ಈ ಮಾತು ಕೇಳಿದಾಗಲೆಲ್ಲ ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆದು, ಎಲ್ಲರಿಗಿಂತ ಮೊದಲು ಹೊರಗೆ ಹೋಗುವ ವಿದ್ಯಾರ್ಥಿಯ ನೆನಪಾಗುತ್ತದೆ. ಮೊಬೈಲು ಬಂದದ್ದು ನಿಜ. ಆದರೆ ಈ ವಾಹಿನಿಗೆ ಒಂದು ಹುಟ್ಟುರೋಗವಿತ್ತು. ಅದನ್ನು ನೋಡಿದವರು ಬೇರೆ, ಅದಕ್ಕೆ ರೊಕ್ಕ ಕೊಟ್ಟವರು ಬೇರೆ. ಇಂದು ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಇದನ್ನೇ ಮತ್ತೆ ಮತ್ತೆ ಹೇಳಿದರೆ ದಯವಿಟ್ಟು ಬೇಸರಿಸಬೇಡಿರಿ.

ಮೊದಲು ಹುಟ್ಟಿನ ಸಂಗತಿ. 1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಎಂಬ ಸಂಸ್ಥೆಯು ಏಷಿಯಾಸ್ಯಾಟ್-1 ಎಂಬ ಉಪಗ್ರಹದ ಮೂಲಕ ತನ್ನ ಕೆಲವು ವಾಹಿನಿಗಳನ್ನು ಆಕಾಶದಿಂದ ಇಳಿಸತೊಡಗಿತು. ಅದುವರೆಗೆ ನಮಗೆ ಟೆಲಿವಿಷನ್ ಎಂದರೆ ದೂರದರ್ಶನವೊಂದೇ, ಹಾಡು ಎಂದರೆ ಚಿತ್ರಹಾರಕ್ಕಾಗಿ ಕಾಯ್ದು ಕೂತ ಅರ್ಧ ಗಂಟೆ. ಸ್ಟಾರ್ ಇಳಿಸಿದ ವಾಹಿನಿಗಳಲ್ಲಿ ಹಾಡುಗಳ ವಾಹಿನಿಯಾದ ಎಂಟಿವಿಯೂ ಒಂದಾಗಿತ್ತು. 1993ರಲ್ಲಿ ಸ್ಟಾರ್ ಸಂಸ್ಥೆಯ ಹೆಚ್ಚಿನ ಪಾಲು ಮಾಧ್ಯಮ ಉದ್ಯಮಿ ರೂಪರ್ಟ್ ಮುರ್ಡೋಕ್ ಅವರ ಕೈಸೇರಿತು. ಮರುವರ್ಷ ಎಂಟಿವಿಯವರಿಗೂ ಸ್ಟಾರ್‌ನವರಿಗೂ ಸರಿಬೀಳದೆ ಎಂಟಿವಿ ಹೊರನಡೆಯಿತು. ಖಾಲಿಯಾದ ಆ ಜಾಗದಲ್ಲಿ ಸ್ಟಾರ್‌ನವರು ತಮ್ಮದೇ ಆದ ಸಂಗೀತ ವಾಹಿನಿಯೊಂದನ್ನು ನಿಲ್ಲಿಸಿದರು. ಅದೇ ಚಾನೆಲ್ ವಿ. ಹೊರನಡೆದ ಎಂಟಿವಿ 1996ರಲ್ಲಿ ಭಾರತಕ್ಕೆಂದೇ ಸ್ವತಂತ್ರ ವಾಹಿನಿಯಾಗಿ ಮರಳಿ ಬಂದಾಗ ಇವರಿಬ್ಬರ ದಾಯಾದಿ ಜಗಳ ಶುರುವಾಯಿತು.

ಚಾನೆಲ್ ವಿ ಮಾಡಿದ ಜಾಣತನವೆಂದರೆ ಇಂಗ್ಲಿಷ್ ಹಾಡುಗಳಿಗೆ ಜೋತುಬೀಳದೆ ಹಿಂದಿಯನ್ನೂ ಇಂಗ್ಲಿಷನ್ನೂ ಕಲಸಿ ಮಾತನಾಡುವ ನಿರೂಪಕರನ್ನು ತಂದು ಕೂರಿಸಿದ್ದು. ರೂಬಿ ಭಾಟಿಯಾ, ಜಾವೇದ್ ಜಾಫ್ರಿ ಇವರ ಹೆಸರುಗಳನ್ನು ನನ್ನ ವಿದ್ಯಾರ್ಥಿಗಳು ಓಮ್‌ನ ನಿಯಮಕ್ಕಿಂತ ಚೆನ್ನಾಗಿ ಬಲ್ಲವರಾಗಿದ್ದರು. ಕ್ವಿಕ್ ಗನ್ ಮುರುಗನ್ ಎಂಬ ದಕ್ಷಿಣದ ಸಸ್ಯಾಹಾರಿ ಕೌಬಾಯ್ ಪಾತ್ರವನ್ನು ಅವರು ಹಾಡುಗಳ ನಡುವಿನ ಚುಟುಕು ತುಣುಕುಗಳಿಗಾಗಿ ಸೃಷ್ಟಿಸಿದ್ದರು; ಅವನ ನಡಿಗೆಯನ್ನು ನಮ್ಮ ಲ್ಯಾಬಿನಲ್ಲಿ ಅನುಕರಿಸದ ಹುಡುಗನಿರಲಿಲ್ಲ.

ಈಗ ಈ ವಾಹಿನಿ ನಮ್ಮ ಮನೆಯೊಳಗೆ ಹೇಗೆ ಬರುತ್ತಿತ್ತು ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ನನ್ನ ಗೆಳೆಯನೊಬ್ಬನದು ಟಿವಿ ರಿಪೇರಿ ಅಂಗಡಿ. ಅವನು ಮಾಳಿಗೆಯ ಮೇಲೆ ದೊಡ್ಡದೊಂದು ಜಾಲರಿ ಡಿಶ್ ನಿಲ್ಲಿಸಿ, ಕೆಳಗಿನ ಕೋಣೆಯಲ್ಲಿ ರಿಸೀವರುಗಳನ್ನೂ ಮಾಡ್ಯುಲೇಟರುಗಳನ್ನೂ ಜೋಡಿಸಿ, ಅಲ್ಲಿಂದ ಓಣಿಓಣಿಗೆ ವಾಯರ್ ಎಳೆದಿದ್ದ. ಒಂದು ವಾಹಿನಿಯನ್ನು ಹಿಡಿಯಲು ಒಂದು ರಿಸೀವರು, ಅದನ್ನು ವಾಯರಿನ ಒಂದು ನಂಬರಿಗೆ ಹತ್ತಿಸಲು ಒಂದು ಮಾಡ್ಯುಲೇಟರು ಬೇಕು. ಅಂದಿನ ಎಷ್ಟೋ ಟಿವಿಗಳಲ್ಲಿ ಇದ್ದದ್ದು ಎಂಟು ಅಥವಾ ಹನ್ನೆರಡು ಗುಂಡಿ. ಅದರಲ್ಲಿಯೂ ಪಕ್ಕಪಕ್ಕದ ನಂಬರುಗಳಲ್ಲಿ ಎರಡು ವಾಹಿನಿ ಹಾಕಿದರೆ ಒಂದರ ಚಿತ್ರದ ಮೇಲೆ ಇನ್ನೊಂದರ ಗೆರೆಗಳು ಬಂದು ಬೀಳುತ್ತಿದ್ದವು. ಹೀಗಾಗಿ ವಾಯರಿನೊಳಗಿನ ಒಂದೊಂದು ನಂಬರಿಗೂ ಸಂತೆಯ ಕಟ್ಟೆಯ ಮೇಲಿನ ಜಾಗದಷ್ಟು ಬೆಲೆಯಿತ್ತು. ಕಾಲೇಜು ಮುಗಿಸಿಕೊಂಡು ನಾನು ಸಂಜೆ ಆ ಕೋಣೆಗೆ ಹೋಗಿ, ಚಹದ ಖರ್ಚಿಗೆ ಅವನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ.

ಅದೇ ಓಣಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ದಲಾಲಿ ಮಾಡುವ ಒಬ್ಬ ಸಾವಕಾರರಿದ್ದರು. ವಾಯರು ಉದ್ದವಾದಂತೆ ಸಿಗ್ನಲ್ ಸೊರಗುವುದರಿಂದ ನಡುನಡುವೆ ಆಂಪ್ಲಿಫೈಯರ್ ಕೂಡಿಸಬೇಕಾಗುತ್ತದೆ. ಅಂಥದೊಂದು ಆಂಪ್ಲಿಫೈಯರ್ ಸಾವಕಾರರ ಮನೆಯ ಗೋಡೆಯ ಮೇಲಿತ್ತು. ಅದಕ್ಕೆ ಕರೆಂಟು ಹೋಗುತ್ತಿದ್ದುದು ಅವರ ಮನೆಯ ಪ್ಲಗ್ಗಿನಿಂದಲೇ. ಅವರು ಪ್ಲಗ್ಗು ಕಿತ್ತರೆ ಅಲ್ಲಿಂದ ಮುಂದಿನ ನಲವತ್ತು ಮನೆಗಳ ಟಿವಿ ಬಂದ್. 1995ರ ಒಂದು ಮುಂಜಾನೆ ತಿಂಗಳ ಪಟ್ಟಿ ವಸೂಲಿಗೆ ಹೋದ ನನ್ನ ಗೆಳೆಯನಿಗೆ ಅವರು ಹೇಳಿದರು: “ಒಂಬತ್ತನೇ ನಂಬರಿನ್ಯಾಗ ಆ ಕುಣಿಯೂ ಚಾನಲ್ ಅದ ನೋಡ್ರಿ, ಅದನ್ನ ತಗದ ಬಿಡ್ರಿ. ಮನ್ಯಾಗ ಹಿರ್ಯಾರು ಹೆಣ್ಣಮಕ್ಕಳು ಅದಾರ. ತಗೀಲಿಲ್ಲಂದ್ರ ಈ ತಿಂಗಳದಿಂದ ರೊಕ್ಕನೂ ಇಲ್ಲ, ಕರೆಂಟೂ ಇಲ್ಲ.”

ಗೆಳೆಯ ಅಂದು ರಾತ್ರಿಯೇ ಚಾನೆಲ್ ವಿ ತೆಗೆದು, ಜಾಗಕ್ಕಾಗಿ ಕಾಯುತ್ತಿದ್ದ ಉದಯ ಟಿವಿಯನ್ನು ಒಂಬತ್ತರಲ್ಲಿ ಹಾಕಿದ. ಉದಯ ಕೂಡ 1994ರ ಜೂನ್ 1ರಂದು ಆರಂಭವಾದದ್ದು. ಹೆಚ್ಚುಕಡಿಮೆ ಅದೇ ವಾರಿಗೆಯ ಕೂಸು. ಮರುದಿನ ಸಂಜೆ ನಾನು ಕೋಣೆಗೆ ಹೋಗುವಷ್ಟರಲ್ಲಿ ಮೆಟ್ಟಿಲ ತುಂಬ ಹುಡುಗರು ನಿಂತಿದ್ದರು. ಎಲ್ಲರಿಗಿಂತ ಮುಂದೆ ಇದ್ದವನು ಸಾವಕಾರರ ಕಿರಿಯ ಮಗ. “ಕಾಕಾ, ಒಂಬತ್ತಕ್ಕ ಏನಾತ್ರಿ?” ಎಂದ. “ನಿಮ್ಮಪ್ಪನ್ನ ಕೇಳಪಾ” ಎಂದು ಗೆಳೆಯ ಹೇಳಿದ. ಹುಡುಗ ಗಳಿಗೆ ಹೊತ್ತು ವಿಚಾರ ಮಾಡಿ, “ನಮ್ಮಪ್ಪ ಎಂಟಕ್ಕ ಅಂಗಡಿ ಮುಚ್ಚಿ ಬರ್ತಾನ್ರಿ. ಅಲ್ಲೀತನ ಹಾಕ್ರಿ” ಎಂದುಬಿಟ್ಟ. ನಮಗೂ ಅದು ನ್ಯಾಯವೆಂದೇ ತೋರಿತು. ಅಂದಿನಿಂದ ನಾಲ್ಕು ಗಂಟೆಯಿಂದ ಏಳೂವರೆಯವರೆಗೆ ಒಂಬತ್ತರಲ್ಲಿ ಚಾನೆಲ್ ವಿ, ಆಮೇಲೆ ಉದಯ. ಇದಕ್ಕೆ ಸ್ವಿಚ್ಚೇನೂ ಇರಲಿಲ್ಲ. ಮಾಡ್ಯುಲೇಟರಿನ ಹಿಂದಿನಿಂದ ಒಂದು ರಿಸೀವರಿನ ವಾಯರುಗಳನ್ನು ಕಿತ್ತು ಇನ್ನೊಂದರ ವಾಯರುಗಳನ್ನು ಸಿಕ್ಕಿಸುವುದೇ ನನ್ನ ಕೆಲಸ. ಹೀಗೆ ಎರಡು ತಿಂಗಳು ನಡೆಯಿತು.

ಒಂದು ಸಂಜೆ ಜೋರು ಮಳೆ. ಮಾರುಕಟ್ಟೆ ಬೇಗ ಮುಚ್ಚಿತು. ಸಾವಕಾರರು ಐದೂವರೆಗೇ ಮನೆಗೆ ಬಂದು ಟಿವಿಯ ಮುಂದೆ ಕೂತರು. ಹುಡುಗನೊಬ್ಬ ತೊಯ್ದುಕೊಂಡು ಓಡಿಬಂದು “ಸರ, ಬಂದ್ರು, ಬಂದ್ರು” ಎಂದು ಕೂಗಿದ. ನಾನು ವಾಯರು ಕಿತ್ತು, ಗಡಿಬಿಡಿಯಲ್ಲಿ ಎಲ್ಲಿಯೂ ಸಿಕ್ಕಿಸಲಾಗದೆ ಎರಡೂ ಕೈಯಲ್ಲಿ ಹಿಡಿದು ನಿಂತಿರುವಾಗ ಸಾವಕಾರರು ಛತ್ರಿ ಮಡಚುತ್ತ ಮೇಲೆ ಬಂದೇಬಿಟ್ಟರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಅವರು ಸ್ಟೂಲಿನ ಮೇಲೆ ಕೂತು, ಕೋಣೆಯನ್ನೆಲ್ಲ ಒಮ್ಮೆ ನೋಡಿ, “ಮಾಸ್ತರ, ಈ ಚಾನಲ್ಲಿನವರಿಗೆ ನೀವು ತಿಂಗಳಾ ಎಷ್ಟ ಕೊಡತೀರಿ?” ಎಂದು ಕೇಳಿದರು. ಆಗ ಅದು ಪುಕ್ಕಟೆ ವಾಹಿನಿ. ಏನೂ ಕೊಡುವುದಿಲ್ಲ ಎಂದೆ. “ಈ ಹುಡುಗರು ಎಷ್ಟ ಕೊಡತಾರ?” ಅವರೂ ಏನೂ ಕೊಡುವುದಿಲ್ಲ, ಪಟ್ಟಿ ಕೊಡುವವರು ನೀವು ಎಂದೆ. “ನಾ ಅಂತೂ ಅದನ್ನ ನೋಡಂಗಿಲ್ಲ. ಮತ್ತ ಅಂವಾ ಬದಕತಾನ ಹೆಂಗ?” ತಂಪು ಪಾನೀಯದವರು, ಬಟ್ಟೆಯವರು ಜಾಹೀರಾತು ಕೊಡುತ್ತಾರೆ ಎಂದು ವಿವರಿಸಿದೆ. ಸಾವಕಾರರು ಎದ್ದು, “ಹಂಗಾದ್ರ ಆ ಪಾನೀಯದಾಂವ ಬ್ಯಾರೆ ಅಂಗಡಿ ಕಟ್ಟಿ ಹತ್ತಿದ ದಿನ ಇವಂದು ಬಾಕಲಾ ಹಾಕಿದ್ಹಂಗ” ಎಂದರು. ಮೆಟ್ಟಿಲಿಳಿಯುವಾಗ ತಿರುಗಿ ನೋಡಿ, “ಏಳೂವರಿಗೆ ಮಾತ್ರ ಬರೋಬ್ಬರಿ ತಗೀರಿ” ಎಂದೂ ಸೇರಿಸಿದರು.

ನಾನು ಬರೆದುಕೊಂಡು ಬಂದ ಹಾಳೆಗಳಲ್ಲಿ ಅರ್ಧದಷ್ಟನ್ನು ಸಾವಕಾರರೇ ಆಕ್ರಮಿಸಿಬಿಟ್ಟಿದ್ದಾರೆ. ಆದರೆ ಮಾಧ್ಯಮಗಳ ಕುರಿತು ಆಮೇಲೆ ನಾನು ಓದಿದ ಯಾವ ಲೇಖನವೂ ಆ ದಿನ ಸ್ಟೂಲಿನ ಮೇಲೆ ಕೂತು ಅವರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ. ನೋಡಿದವನು ಮಗ, ರೊಕ್ಕ ಕೊಟ್ಟವನು ಅಪ್ಪ, ಉಳಿದದ್ದನ್ನು ತುಂಬಿದವನು ಜಾಹೀರಾತಿನವನು.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಇಂಥ ವಾಹಿನಿಗೆ ಇನ್ನೊಂದು ಕಷ್ಟವಿದೆ: ಅದರ ಪ್ರೇಕ್ಷಕ ಐದಾರು ವರ್ಷಗಳಲ್ಲಿ ದೊಡ್ಡವನಾಗಿ ನೌಕರಿ ಹಿಡಿದು ಹೊರಟುಹೋಗುತ್ತಾನೆ. ಧಾರಾವಾಹಿ ನೋಡುವ ಅತ್ತಿಗೆ ಇಪ್ಪತ್ತು ವರ್ಷ ಅದೇ ವಾಹಿನಿಗೆ ಅಂಟಿಕೊಂಡಿರುತ್ತಾಳೆ. ಹಾಡು ನೋಡುವ ಮೈದುನ ಇರುವುದಿಲ್ಲ. 2002ರಲ್ಲಿ ಚಾನೆಲ್ ವಿ ಪಾಪ್‌ಸ್ಟಾರ್ಸ್ ಎಂಬ ಸ್ಪರ್ಧೆ ನಡೆಸಿ, ಐವರು ಹುಡುಗಿಯರನ್ನು ಆರಿಸಿ ವಿವಾ ಎಂಬ ಗಾಯನ ತಂಡವನ್ನು ಕಟ್ಟಿತು. ಆ ಸ್ಪರ್ಧೆಯ ಹೆಸರಿನ ಮೊದಲಲ್ಲಿಯೇ ಕೋಕ್ ಇತ್ತು. ಮರುವರ್ಷ ಎಂಟಿವಿಯವರು ಬೈಕಿನ ಮೇಲೆ ಊರೂರು ಸುತ್ತುವ ರೋಡೀಸ್ ಎಂಬ ಸ್ಪರ್ಧೆಯನ್ನು ಆರಂಭಿಸಿದಾಗ ಬೈಕು ತಯಾರಿಸುವ ಹೀರೋ ಹೋಂಡಾದ ಹೆಸರು ಶೀರ್ಷಿಕೆಯ ಭಾಗವೇ ಆಗಿತ್ತು. ರೊಕ್ಕ ಕೊಡುವವನನ್ನು ಮೊದಲು ಹಿಡಿದು ಆಮೇಲೆ ಕಾರ್ಯಕ್ರಮ ಕಟ್ಟುವ ಆ ಪಾಠವನ್ನು ಎಂಟಿವಿ ಬಿಡದೆ ಅನುಸರಿಸಿತು, ವರ್ಷವರ್ಷವೂ ಅದೇ ಬೈಕಿನ ಯಾತ್ರೆಯನ್ನು ಹೊರಡಿಸಿತು. ಚಾನೆಲ್ ವಿ ಮಾತ್ರ ಮಗ್ಗುಲು ಬದಲಿಸುತ್ತಲೇ ಹೋಯಿತು. 2012ರ ಜುಲೈನಲ್ಲಿ ಹಾಡುಗಳನ್ನು ಬಿಟ್ಟು ಕಾಲೇಜು ಹುಡುಗ ಹುಡುಗಿಯರ ಧಾರಾವಾಹಿಗಳಿಗೆ ಇಳಿಯಿತು. ಧಾರಾವಾಹಿಗೆ ಹಾಡಿಗಿಂತ ಎಷ್ಟೋ ಪಟ್ಟು ಖರ್ಚು. 2016ರಲ್ಲಿ ಧಾರಾವಾಹಿ ಬಿಟ್ಟು ಪುನಃ ಹಾಡಿಗೇ ಮರಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಬೇಕಾದ ಹಾಡನ್ನು ಬೇಕಾದಾಗ ಪುಕ್ಕಟೆಯಾಗಿ ನೋಡುವ ಅನುಕೂಲವನ್ನು ಹುಡುಗರ ಕೈಗೆ ಕೊಟ್ಟಿತು. ಮೊಬೈಲಿನ ಮಾತು ಆಡುವವರಿಗೆ ನಾನು ಇಷ್ಟನ್ನು ಒಪ್ಪುತ್ತೇನೆ.

ಕೊನೆಯ ಪೆಟ್ಟು ಬಿದ್ದದ್ದು ಲೆಕ್ಕದ ಪುಸ್ತಕದಿಂದ. ಸೆಟ್‌ಟಾಪ್ ಡಬ್ಬಿಗಳು ಮನೆಮನೆಗೆ ಬಂದ ಮೇಲೆ, 2019ರ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸಂಸ್ಥೆಯ ಹೊಸ ದರಪದ್ಧತಿ ಜಾರಿಗೆ ಬಂದಿತು. ಆಗ ತೆರಿಗೆ ಬಿಟ್ಟು 130 ರೂಪಾಯಿಗೆ ನೂರು ವಾಹಿನಿಗಳ ಸಂಪರ್ಕ ಸಿಗುತ್ತಿತ್ತು. ಅದರ ಮೇಲೆ ಹಣ ತೆರಬೇಕಾದ ಪ್ರತಿ ವಾಹಿನಿಗೂ ಬೇರೆ ಬೆಲೆ. ಯಾವುದು ಬೇಕು ಎಂದು ಮನೆಯವರೇ ಬರೆದುಕೊಡಬೇಕಿತ್ತು. ನನ್ನ ಗೆಳೆಯ ಆ ಹಾಳೆಗಳನ್ನು ಹಿಡಿದು ಮನೆಮನೆ ತಿರುಗಿದ. ಕನ್ನಡ ಧಾರಾವಾಹಿ, ಸುದ್ದಿ, ಕ್ರಿಕೆಟ್, ಸಣ್ಣ ಮಕ್ಕಳ ಕಾರ್ಟೂನು ಇವುಗಳಿಗೆ ಗುರುತು ಬಿದ್ದವು; ಚಾನೆಲ್ ವಿಗೆ ಬೀಳಲಿಲ್ಲ. ಗುರುತು ಹಾಕುತ್ತಿದ್ದವನು ಅಪ್ಪ. ಒಳಕೋಣೆಯಲ್ಲಿ ಮೊಬೈಲು ಹಿಡಿದು ಮಲಗಿದ್ದವನು ಮಗ. ಅಪ್ಪ ಕೇಳಲಿಲ್ಲ, ಮಗ ಹೇಳಲಿಲ್ಲ. ಇಪ್ಪತ್ತೈದು ವರ್ಷ ಒಂದೇ ವಾಯರಿನಲ್ಲಿ ಕೂಡಿಕೊಂಡೇ ಬಂದಿದ್ದ ನೋಡುವವನ ಲೆಕ್ಕ, ಕೊಡುವವನ ಲೆಕ್ಕ ಮೊದಲ ಸಲ ಒಂದೇ ಹಾಳೆಯ ಮೇಲೆ ಬೇರೆಬೇರೆಯಾದವು. ಎರಡು ವರ್ಷ ಕಳೆದು ವಾಹಿನಿ ಮುಚ್ಚಿತು. ಯುವಕರಿಗೆಂದೇ 2007ರಲ್ಲಿ ಆರಂಭವಾಗಿದ್ದ ಬಿಂದಾಸ್ ವಾಹಿನಿಯೂ 2022ರಲ್ಲಿ ನಿಂತಿತು. ಅದರ ಕಥೆಗೆ ಇಂದು ಸಮಯವಿಲ್ಲ.

ಸಾವಕಾರರು ಈಗಿಲ್ಲ. ಆ ಕಿರಿಯ ಮಗನೇ ದಲಾಲಿ ಅಂಗಡಿಯನ್ನು ನಡೆಸುತ್ತಾನೆ. ಮೊನ್ನೆ ದುರ್ಗದ ಬೈಲಿನಲ್ಲಿ ಭೇಟಿಯಾಗಿದ್ದ. ಕಾಲೇಜಿಗೆ ಹೋಗುವ ಮಗಳ ಮೊಬೈಲಿಗೆ ರಿಚಾರ್ಜ್ ಮಾಡಿಸುತ್ತ ನಿಂತಿದ್ದ. ಅವಳು ಅದರಲ್ಲಿ ಏನು ನೋಡುತ್ತಾಳೆ ಎಂದು ಕೇಳಿದೆ. “ಯಾರಿಗ್ಗೊತ್ರಿ ಸರ. ನಮ್ಮಪ್ಪನ್ಹಂಗ ತಗೀರಿ ಅನ್ನಾಕ ಈಗ ಯಾ ಮಾಳಿಗಿ ಹತ್ತಲಿ?” ಎಂದು ನಕ್ಕು, ರೊಕ್ಕ ಎಣಿಸಿ ಕೊಟ್ಟ.

ನಮಸ್ಕಾರ.