ಸ್ಟಾರ್ ಲೆಕ್ಕಕ್ಕಿಂತ ಮೊದಲು ಕ್ರೆಡಿಟ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮಕ್ಕಳು ಇಲ್ಲಿ ಅಮೆರಿಕದ ಹೈಸ್ಕೂಲು ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಮನೆಗಳಿಂದಲೇ ನೀವೆಲ್ಲ ಬಂದಿದ್ದೀರಿ. ಆ ಮಕ್ಕಳು ಕಾಲೇಜು ತಂಡಕ್ಕೆ, ಅಲ್ಲಿಂದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗುವ ದಾರಿಯೇ ಇವತ್ತಿನ ವಿಷಯ. ಶುಕ್ರವಾರ ಸಂಜೆ ನಿಮ್ಮಲ್ಲಿ ಅಡುಗೆ ಬೇಗ ಮುಗಿಯುತ್ತದೆ. ಹಾಗಾಗಿ ಟಚ್‌ಡೌನ್ ಅಂದರೇನು, ಡೌನ್ ಎಷ್ಟು ಅಂತ ಶುರುಮಾಡಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಇವತ್ತು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಆಟಗಾರರನ್ನು ಅಳೆಯುವ ವೆಬ್‌ಸೈಟ್‌ಗಳು ಮಗನಿಗೆ ಎಷ್ಟು ಸ್ಟಾರ್ ಕೊಟ್ಟಿವೆ ಎನ್ನುವುದನ್ನು ಆಮೇಲೆ ನೋಡಿ, ಮೊದಲು ಅವನ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಗಳ ದಾಖಲೆ, ತೆಗೆದು ನೋಡಿ.

ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಆಡಬೇಕಾದರೆ, ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಕೇಳುವುದು ಹೈಸ್ಕೂಲಿನ 16 ಕೋರ್ ಕೋರ್ಸ್, ಅಂದರೆ ಮುಖ್ಯ ವಿಷಯಗಳು. ಇಂಗ್ಲಿಷ್ 4, ಆಲ್ಜೀಬ್ರಾ ಒಂದರಿಂದ ಮೇಲಿನ ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೊಂದು, ಸಮಾಜ ವಿಜ್ಞಾನ 2, ಉಳಿದ 4 ಇವುಗಳಿಂದಲೋ ಭಾಷೆಯಂಥ ವಿಷಯಗಳಿಂದಲೋ. ಈ ಕೋರ್ಸ್‌ಗಳ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, ಕನಿಷ್ಠ 2.3. ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆಗಳ ಅಂಕಗಳ ಷರತ್ತನ್ನು 2023ರಲ್ಲಿ ಕೈಬಿಟ್ಟರು. ನಮ್ಮ ಮಕ್ಕಳಿಗೆ 2.3 ಯಾವ ಲೆಕ್ಕ ಅಂತ ನೀವು ನಗಬಹುದು. ಎಡವುವುದು ಅಲ್ಲಿ ಅಲ್ಲ. ಹನ್ನೆರಡನೇ ತರಗತಿ ಶುರುವಾಗುವ ಮುಂಚೆ 16ರಲ್ಲಿ 10 ಮುಗಿದಿರಬೇಕು, ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದ್ದಾಗಿರಬೇಕು. ಆ ಏಳರಲ್ಲಿ ಒಂದಕ್ಕೆ ಕಡಿಮೆ ಗ್ರೇಡ್ ಬಂದಿದ್ದರೆ ಆಮೇಲೆ ಅದನ್ನೇ ಮತ್ತೆ ಬರೆದು ಸರಿಪಡಿಸಿಕೊಳ್ಳಲು ಬರುವುದಿಲ್ಲ. ಬೇಸಿಗೆಯಲ್ಲಿ ಆನ್‌ಲೈನ್ ಕೋರ್ಸ್ ಮುಗಿಸಿದ್ದಾನೆ ಅಂತ ಖುಷಿಪಡುವ ಮುಂಚೆ ಆ ಕೋರ್ಸು ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿದೆಯೇ ನೋಡಿ. ನಿಮ್ಮ ಶಾಲೆಯ ಹೆಸರು ಹಾಕಿದರೆ ಆಟಗಾರರ ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ವೆಬ್‌ಸೈಟ್ ಇಡೀ ಪಟ್ಟಿ ತೋರಿಸುತ್ತದೆ, ಹತ್ತು ನಿಮಿಷದ ಕೆಲಸ.

ಒಂಬತ್ತನೇ ಕ್ಲಾಸು ಬೆಂಗಳೂರಿನಲ್ಲಿ ಓದಿ ಆಮೇಲೆ ಇಲ್ಲಿಗೆ ಬಂದ ಮಕ್ಕಳು ಎಷ್ಟೋ ಮನೆಯಲ್ಲಿದ್ದಾರೆ. ಒಂಬತ್ತರಿಂದ ಮೇಲಿನ ಪ್ರತಿ ವರ್ಷದ ದಾಖಲೆಯನ್ನೂ ಎನ್‌ಸಿಎಎ ಕೇಳುತ್ತದೆ. ಎಸ್‌ಎಸ್‌ಎಲ್‌ಸಿ ಬರೆದು ಬಂದಿದ್ದರೆ ಮೂಲ ಮಾರ್ಕ್ಸ್‌ಕಾರ್ಡ್ ಬೇಕು. ಊರಲ್ಲಿ ಬೀರುವಿನಲ್ಲಿ ಇದ್ದರೆ ಈಗಲೇ ತರಿಸಿಕೊಳ್ಳಿ, ಹನ್ನೆರಡನೇ ಕ್ಲಾಸಿನ ಡಿಸೆಂಬರ್‌ನಲ್ಲಿ ತಾತನಿಗೆ ಫೋನು ಮಾಡಿ ಹುಡುಕಿಸಬೇಡಿ.

ಇನ್ನು ಫಿಲ್ಮ್, ಅಂದರೆ ಆಟದ ವಿಡಿಯೊ. ಹಡ್ಲ್ ಎಂಬ ವಿಡಿಯೊ ತಾಣದಲ್ಲಿ ಹಾಕುವ ಹೈಲೈಟ್ ಮೂರು, ಹೆಚ್ಚೆಂದರೆ ನಾಲ್ಕು ನಿಮಿಷ ಇದ್ದರೆ ಸಾಕು. ಮೊದಲ ಚೌಕಟ್ಟಿನಲ್ಲಿ ಹೆಸರು, ಜೆರ್ಸಿ ಸಂಖ್ಯೆ, ಆಡುವ ಜಾಗ, ಎತ್ತರ, ತೂಕ, ಹೈಸ್ಕೂಲು ಮುಗಿಯುವ ವರ್ಷ, ಜಿಪಿಎ, ಹೈಸ್ಕೂಲು ಕೋಚ್‌ನ ನಂಬರ್ ಇರಲಿ. ಎತ್ತರಕ್ಕೆ ಎರಡು ಇಂಚು ಸೇರಿಸಬೇಡಿ, ಕ್ಯಾಂಪಿನಲ್ಲಿ ಬೂಟು ಬಿಚ್ಚಿಸಿ ಅಳೆಯುತ್ತಾರೆ. ಅತ್ಯುತ್ತಮ ಐದು ತುಣುಕು ಮೊದಲೇ ಬರಲಿ, ಕಾಲಕ್ರಮ ಬೇಡ. ಚೆಂಡು ಸ್ನ್ಯಾಪ್ ಆಗುವ, ಅಂದರೆ ಆಟ ಶುರುವಾಗುವ ಮುಂಚೆ ಹುಡುಗನ ಮೇಲೆ ಬಾಣದ ಗುರುತು ಹಾಕಿ ಒಂದು ಕ್ಷಣ ನಿಲ್ಲಿಸಿ, ಇಲ್ಲದಿದ್ದರೆ 22 ಜನರಲ್ಲಿ ಯಾರನ್ನು ನೋಡಬೇಕು ಅಂತ ಕೋಚ್‌ಗೆ ಗೊತ್ತಾಗುವುದಿಲ್ಲ. ಹಾಡು ಬೇಕಾಗಿಲ್ಲ. ಜೊತೆಗೆ ಒಂದೆರಡು ಪೂರ್ತಿ ಪಂದ್ಯದ ಫಿಲ್ಮ್ ಇಟ್ಟುಕೊಂಡಿರಿ. ಆಸಕ್ತಿ ನಿಜವಾಗಿದ್ದರೆ ಕೋಚ್ ಮುಂದೆ ಕೇಳುವುದು ಅದನ್ನೇ. ಚೆಂಡು ಇನ್ನೊಂದು ಕಡೆ ಹೋದಾಗ ಹುಡುಗ ಓಡುತ್ತಾನೋ ನಿಲ್ಲುತ್ತಾನೋ ಅನ್ನುವುದು ಹೈಲೈಟಿನಲ್ಲಿ ಕಾಣುವುದಿಲ್ಲ.

ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರಿಂದ ಕಾಲೇಜು ಕೋಚ್‌ಗಳು ನೇರವಾಗಿ ಬರೆಯಬಹುದು. ಅದಕ್ಕೂ ಮುಂಚೆ ಬರುವ ಬಣ್ಣದ ಕ್ಯಾಂಪ್ ಕರಪತ್ರ ಸಾವಿರ ಮನೆಗೆ ಹೋಗಿರುತ್ತದೆ, ಅದು ಆಫರ್, ಅಂದರೆ ಸ್ಕಾಲರ್‌ಶಿಪ್ ಕೊಡುವ ಮಾತು, ಅಲ್ಲ. ಆಫರ್ ಅಂದಾಗಲೂ ಒಂದು ಪ್ರಶ್ನೆ ಕೇಳಲೇಬೇಕು: 'ಕೋಚ್, ಇವತ್ತೇ ನಾನು ಒಪ್ಪಿದರೆ ನೀವು ತೆಗೆದುಕೊಳ್ಳುತ್ತೀರಾ?' ಉತ್ತರ ತಡವರಿಸಿದರೆ ನಿಮಗೆ ತಿಳಿಯಿತು. ಬಾಯಿಮಾತಿನ ಕಮಿಟ್‌ಮೆಂಟ್ ಎರಡು ಕಡೆಗೂ ಬಂಧನವಲ್ಲ. ಡಿಸೆಂಬರ್‌ನಲ್ಲಿ ಸಹಿ ಹಾಕುವ ಕಾಗದವೇ ಕಾಗದ. ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಹಳೆಯ ಸೇರ್ಪಡೆ ಪತ್ರವನ್ನು 2024ರ ಅಕ್ಟೋಬರ್‌ನಲ್ಲಿ ರದ್ದು ಮಾಡಿದರು, ಈಗ ಸಹಿ ಹಾಕುವುದು ಸ್ಕಾಲರ್‌ಶಿಪ್ ಒಪ್ಪಂದಕ್ಕೆ. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಬರೆದಿರುತ್ತದೆ, ಓದಿ.

ವಾಕ್-ಆನ್ ಆಗಿ, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ, ತಂಡಕ್ಕೆ ಸೇರಿಸೋಣ, ಓದಿಗೆ ಹೇಗೂ ನಾವೇ ಹಣ ಕಟ್ಟುತ್ತೇವಲ್ಲ ಅನ್ನುವವರಿಗೆ ಒಂದು ಮಾತು. 2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ನ್ಯಾಯಾಲಯ ಅಂತಿಮ ಒಪ್ಪಿಗೆ ಕೊಟ್ಟ ಮೇಲೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡ 105 ಜನಕ್ಕೆ ಸೀಮಿತ. ಹಿಂದೆ 85 ಸ್ಕಾಲರ್‌ಶಿಪ್ ಇತ್ತು, ಅದರ ಮೇಲೆ ವಾಕ್-ಆನ್‌ಗಳನ್ನು ಸೇರಿಸಿ 120ರ ಆಚೆಗೂ ಹೋಗುತ್ತಿದ್ದರು. ಆ ಹಿಂಬಾಗಿಲು ಈಗ ಕಿರಿದಾಗಿದೆ. ಸಾಲದ್ದಕ್ಕೆ, ಹದಿನೆಂಟರ ಹುಡುಗನನ್ನು ಎರಡು ವರ್ಷ ತಯಾರು ಮಾಡುವ ಬದಲು ಪೋರ್ಟಲ್‌ನಿಂದ, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಎನ್‌ಸಿಎಎ ಪಟ್ಟಿಯಿಂದ, ಇಪ್ಪತ್ತೊಂದರ ಆಟಗಾರನನ್ನು ತಂದುಕೊಳ್ಳುವುದು ಕೋಚ್‌ಗೆ ಸುಲಭ. ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳ ಐವಿ ಲೀಗ್ ಮತ್ತು ಡಿವಿಷನ್ ಮೂರರಲ್ಲಿ ಆಟದ ಸ್ಕಾಲರ್‌ಶಿಪ್ ಇಲ್ಲ, ಆದರೆ ಆಡಲು ಅವಕಾಶ ಇದೆ, ಓದಿಗೆ ನೆರವೂ ಇದೆ. ನಮ್ಮವರು ಡಿವಿಷನ್ ಮೂರನ್ನು ಕಡೆಗಣಿಸುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈಗ ಕ್ಯಾಮ್ ವಾರ್ಡ್ ವಿಷಯಕ್ಕೆ ಬರುತ್ತೇನೆ. ಕಾರ್ಯಕ್ರಮದ ಪಟ್ಟಿಯಲ್ಲಿ ಇದಕ್ಕೆ ಐದು ನಿಮಿಷ ಇದೆ, ಐದಕ್ಕೆ ಮುಗಿಯುವ ಕಥೆ ಇದಲ್ಲ. ಟೆಕ್ಸಾಸ್‌ನ ವೆಸ್ಟ್ ಕೊಲಂಬಿಯಾ ಎಂಬ ಚಿಕ್ಕ ಊರಿನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ. ಅವನ ಹೈಸ್ಕೂಲು ಆಡುತ್ತಿದ್ದದ್ದು ವಿಂಗ್-ಟಿ ಪದ್ಧತಿ, ಅಂದರೆ ಚೆಂಡನ್ನು ಹೊತ್ತು ಓಡುವುದೇ ಹೆಚ್ಚು, ಎಸೆಯುವುದು ಕಡಿಮೆ. ಎಸೆಯದ ಕ್ವಾರ್ಟರ್‌ಬ್ಯಾಕ್‌ನ ಫಿಲ್ಮ್ ಯಾರು ನೋಡುತ್ತಾರೆ? ಒಂದು ಸ್ಟಾರ್ ಕೂಡ ಸಿಗಲಿಲ್ಲ. ಸ್ಕಾಲರ್‌ಶಿಪ್ ಕೊಟ್ಟಿದ್ದು ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್, ಅದೂ ಎಫ್‌ಸಿಎಸ್, ಅಂದರೆ ಡಿವಿಷನ್ ಒಂದರ ಕೆಳಗಿನ ದರ್ಜೆಯ ತಂಡ. ಅಲ್ಲಿ ಕೋಚ್ ಎರಿಕ್ ಮಾರಿಸ್. ಈಗಿನ ಎನ್‌ಎಫ್‌ಎಲ್ ತಾರೆ ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಾಸ್ ಟೆಕ್‌ನಲ್ಲಿ ಆಡುತ್ತಿದ್ದಾಗ ಅಲ್ಲಿ ದಾಳಿಯ ವಿಭಾಗದ ಕೋಚ್ ಆಗಿದ್ದ ಮನುಷ್ಯ, ವಾರ್ಡ್ ಎಸೆಯುವ ಕೈ ನೋಡಿ ಗುರುತಿಸಿದ. ವಾರ್ಡ್‌ಗೆ ಮೊದಲ ವರ್ಷದಿಂದಲೇ ಆಡಲು ಸಿಕ್ಕಿತು. ಇದು ಮುಖ್ಯ. ದೊಡ್ಡ ಹೆಸರಿನ ಕಾಲೇಜಿನ ಬೆಂಚಿನಲ್ಲಿ ಕೂತಿದ್ದರೆ ಅವನಿಗೆ ಫಿಲ್ಮೇ ಇರುತ್ತಿರಲಿಲ್ಲ.

2022ರಲ್ಲಿ ಮಾರಿಸ್ ವಾಷಿಂಗ್‌ಟನ್ ಸ್ಟೇಟ್‌ಗೆ ಹೋದಾಗ ವಾರ್ಡ್ ಕೂಡ ಹೋದ. ಅದೇ ಕೋಚ್, ಬಹುಮಟ್ಟಿಗೆ ಅದೇ ಆಟದ ಭಾಷೆ, ಹಾಗಾಗಿ ಹೊಸ ಪುಸ್ತಕ ಕಲಿಯುತ್ತ ಒಂದು ವರ್ಷ ಹಾಳಾಗಲಿಲ್ಲ. ಎರಡು ವರ್ಷ ಅಲ್ಲಿ. 2023ರ ಋತು ಮುಗಿದ ಮೇಲೆ ಪೋರ್ಟಲ್‌ಗೆ ಹೆಸರು ಕೊಟ್ಟ. 2024ರ ಜನವರಿ ಮೊದಲ ದಿನ 'ಡ್ರಾಫ್ಟ್‌ಗೆ ಹೋಗುತ್ತೇನೆ' ಅಂತ ಘೋಷಿಸಿದ. ಡ್ರಾಫ್ಟ್ ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಎರಡು ವಾರದೊಳಗೆ ಮನಸ್ಸು ಬದಲಿಸಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದ. ಹೇಗೆ ಸಾಧ್ಯವಾಯಿತು? ಪೋರ್ಟಲ್ ಕಿಟಕಿ, ಅಂದರೆ ಹೆಸರು ಕೊಡಬಹುದಾದ ಅವಧಿ, ಮುಚ್ಚುವ ಮುಂಚೆಯೇ ಹೆಸರು ಒಳಗಿತ್ತು. ಹೊಸ ಕಾಲೇಜಿನ ಜೊತೆ ಮಾತು ಮುಗಿಸಲು ಕಿಟಕಿ ತೆರೆದಿರಬೇಕಾಗಿಲ್ಲ, ಹೆಸರು ಒಳಗೆ ಬಿದ್ದಿದ್ದರೆ ಸಾಕು. ಮಯಾಮಿಯಲ್ಲಿ 4,313 ಗಜ, 39 ಟಚ್‌ಡೌನ್ ಪಾಸ್. 2025ರ ಏಪ್ರಿಲ್‌ನಲ್ಲಿ ಟೆನೆಸ್ಸೀ ಟೈಟನ್ಸ್ ಅವನನ್ನು ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. ಸೊನ್ನೆ ಸ್ಟಾರ್‌ನಿಂದ ಒಂದನೇ ನಂಬರಿಗೆ!

ಆದರೆ ಈ ಕಥೆ ಕೇಳಿ ನಾಳೆಯೇ ಮಗನನ್ನು ಪೋರ್ಟಲ್‌ಗೆ ಹಾಕಬೇಡಿ. 2018ರ ಅಕ್ಟೋಬರ್‌ನಲ್ಲಿ ಪೋರ್ಟಲ್ ಶುರುವಾಯಿತು, 2021ರಲ್ಲಿ ಒಂದು ಸಲ ಕಾಲೇಜು ಬದಲಿಸಿ, ಒಂದು ವರ್ಷ ಹೊರಗೆ ಕೂರದೇ ಆಡುವ ಅವಕಾಶ ಬಂತು, 2024ರಿಂದ ಓದು ಸರಿಯಿದ್ದರೆ ಎಷ್ಟು ಸಲವಾದರೂ ಹೋಗಬಹುದು. ಬಾಗಿಲು ದೊಡ್ಡದಾಗಿದೆ, ಆದರೆ ಆ ಕಡೆ ಕುರ್ಚಿ ಅಷ್ಟೇ ಇವೆ. ಲಿಖಿತ ಮನವಿ ಕೊಟ್ಟ ಮೇಲೆ ಕಾಲೇಜು ಎರಡು ಕೆಲಸದ ದಿನದೊಳಗೆ ಹೆಸರು ಹಾಕಲೇಬೇಕು. ಹೆಸರು ಬಿದ್ದ ಕೂಡಲೇ ಹಳೆ ಕಾಲೇಜು ಆ ಅವಧಿಯ ಕೊನೆಗೆ ಸ್ಕಾಲರ್‌ಶಿಪ್ ನಿಲ್ಲಿಸಬಹುದು, ಮತ್ತೆ ಕರೆದುಕೊಳ್ಳಬೇಕೆಂಬ ಕಟ್ಟುಪಾಡಿಲ್ಲ.

ಇಲ್ಲಿ ನನ್ನ ಟ್ರಾನ್ಸ್‌ಕ್ರಿಪ್ಟ್ ಮಾತು ಮತ್ತೆ ಬರುತ್ತದೆ. ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಪದವಿಯ ಶೇಕಡಾ 40, ನಾಲ್ಕನೇ ವರ್ಷಕ್ಕೆ 60, ಐದನೇ ವರ್ಷಕ್ಕೆ 80 ಎನ್ನುವುದು ಡಿವಿಷನ್ ಒಂದರ ಬಹುಕಾಲದ ಅಳತೆಗೋಲು. 120 ಕ್ರೆಡಿಟ್ ಪದವಿಯಾದರೆ 48, 72, 96. ಒಬ್ಬ ಹುಡುಗ ಎರಡು ವರ್ಷದಲ್ಲಿ 60 ಕ್ರೆಡಿಟ್ ಗಳಿಸಿದ್ದಾನೆ ಅನ್ನಿ. ಹೊಸ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುತ್ತಾನೆ. ಅವರು ಅರವತ್ತನ್ನೂ ಒಪ್ಪುತ್ತಾರೆ, ಆದರೆ ಆ ಪದವಿಗೆ ಹೊಂದುವುದು 42 ಮಾತ್ರ. ಉಳಿದ 18 ಕಾಗದದಲ್ಲಿ ಇವೆ, ಲೆಕ್ಕದಲ್ಲಿ ಇಲ್ಲ. 48ಕ್ಕೆ 6 ಕಡಿಮೆ. ಬೇಸಿಗೆಯಲ್ಲಿ ಎರಡು ಕೋರ್ಸ್ ಮುಗಿಸದಿದ್ದರೆ ಋತುವಿಡೀ ಪಕ್ಕದಲ್ಲಿ ನಿಲ್ಲಬೇಕು. 'ನಮ್ಮಲ್ಲಿ ಎಲ್ಲ ಕ್ರೆಡಿಟ್ ತೆಗೆದುಕೊಳ್ಳುತ್ತೇವೆ' ಎಂಬ ಕೋಚ್‌ನ ಮಾತು ಸುಳ್ಳಲ್ಲ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಯಾವ ಪದವಿಗೆ ಎಷ್ಟು ಹೊಂದುತ್ತದೆ, ವರ್ಗವಾಗಿ ಬಂದವರಿಗೆ ಏನಾದರೂ ಸಡಿಲಿಕೆ ಇದೆಯೇ, ಎರಡನ್ನೂ ಹೊಸ ಕಾಲೇಜಿನ ಕಂಪ್ಲಯನ್ಸ್ ಆಫೀಸಿನಿಂದ (ನಿಯಮ ಪಾಲನೆ ನೋಡಿಕೊಳ್ಳುವ ಕಚೇರಿ) ಬರಹದಲ್ಲಿ ತೆಗೆದುಕೊಳ್ಳಿ. 2026ರಿಂದ ಫುಟ್‌ಬಾಲ್‌ಗೆ ಇರುವುದು ಒಂದೇ ಕಿಟಕಿ, ಜನವರಿ 2ರಿಂದ 16. ಅಷ್ಟರಲ್ಲಿ ಎಷ್ಟೋ ಕಡೆ ವಸಂತದ ಸೆಮಿಸ್ಟರ್ ಶುರುವೇ ಆಗಿರುತ್ತದೆ, ಕ್ಲಾಸಿಗೆ ಸೇರುವ ಕೊನೆ ದಿನಾಂಕವನ್ನೂ ಕೇಳಿಕೊಳ್ಳಿ.

ಹಣದ ಮಾತು. ತಮ್ಮ ಹೆಸರು, ಚಿತ್ರ ಬಳಸಿ ಆಟಗಾರರು ಗಳಿಸಬಹುದಾದದ್ದು 2021ರ ಜುಲೈ 1ರಿಂದ. ಈಗ ಕಾಲೇಜುಗಳೇ ತಮ್ಮ ಆಟದ ಆದಾಯದಲ್ಲಿ ನೇರವಾಗಿ ಪಾಲು ಕೊಡಬಹುದು. ನಮ್ಮ ಮನೆಗಳಲ್ಲಿ ತೊಡಕು ವೀಸಾದ್ದು. ಎಚ್-4, ಅಂದರೆ ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾ, ಮೇಲಿರುವ ಮಗುವಿಗೆ ಕೆಲಸದ ಅನುಮತಿ ಇಲ್ಲ, 21 ತುಂಬಿದರೆ ಆ ವೀಸಾವೂ ಇಲ್ಲ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಸ್ಕಾಲರ್‌ಶಿಪ್‌ಗೆ ಅಡ್ಡಿಯಿಲ್ಲ, ಆದರೆ ಅಂಗಡಿಯ ಜಾಹೀರಾತಿಗೆ ನಿಂತು ಹಣ ಪಡೆದರೆ ಅನುಮತಿಯಿಲ್ಲದ ಕೆಲಸವೆಂದು ಎಣಿಸಿ ವೀಸಾಗೇ ಸಂಚಕಾರ ಬರಬಹುದು. ಗೆಳೆಯರು ಮಾಡುತ್ತಿದ್ದಾರೆ ಅಂತ ಸಹಿ ಹಾಕಿಸಬೇಡಿ, ವಲಸೆ ವಕೀಲರನ್ನು ಮೊದಲು ಕಾಣಿ. ಗ್ರೀನ್ ಕಾರ್ಡ್ ಇದ್ದವರು ತೆರಿಗೆಗೆ ಹಣ ಎತ್ತಿಡಿ, ಜಾಹೀರಾತಿಗೆ ಹಣ ಕೊಡುವವರು ಸಂಬಳದ ಹಾಗೆ ತೆರಿಗೆ ಹಿಡಿದು ಕೊಡುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಡ್ರಾಫ್ಟ್ ಭಾಗ ಇನ್ನು ಬೇಗ ಬೇಗ.

ಡ್ರಾಫ್ಟ್‌ಗೆ ಹೋಗಲು ಹೈಸ್ಕೂಲು ಮುಗಿದು ಮೂರು ವರ್ಷ ಆಗಿರಬೇಕು. ಮೂರನೇ ವರ್ಷಕ್ಕೇ ಹೋಗುವ ಯೋಚನೆ ಇದ್ದರೆ ಎನ್‌ಎಫ್‌ಎಲ್‌ನ ಸಲಹಾ ಸಮಿತಿಗೆ ಕಾಲೇಜಿನ ಮೂಲಕ ಕೇಳಿ. ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಓದಲು ಹಿಂತಿರುಗು, ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಮೂರನೆಯದು ಬಂದರೆ ನಂಬಿ.

ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್, ಅಂದರೆ ಡ್ರಾಫ್ಟ್‌ಗೆ ಮುಂಚೆ ತಂಡಗಳು ಆಟಗಾರರನ್ನು ಪರೀಕ್ಷಿಸುವ ಕೂಟ. 40 ಗಜದ ಓಟದಲ್ಲಿ ಮೊದಲ 10 ಗಜವನ್ನು ಬೇರೆಯಾಗಿ ಅಳೆಯುತ್ತಾರೆ. ಅಲ್ಲೇ ಕಳೆದುಕೊಳ್ಳುವುದು: ಎದ್ದ ಕೂಡಲೇ ತಲೆ ಎತ್ತುತ್ತಾರೆ, ಹೆಜ್ಜೆ ಹಿಂದೆ ತಳ್ಳುವ ಬದಲು ಮೇಲಕ್ಕೆ ಏಳುತ್ತದೆ. ಕೂಟದ ದಾಖಲೆ 2024ರಲ್ಲಿ ಝೇವಿಯರ್ ವರ್ದಿ ಓಡಿದ 4.21 ಸೆಕೆಂಡು. 225 ಪೌಂಡು, ಅಂದರೆ 102 ಕಿಲೋ ಬೆಂಚ್ ಪ್ರೆಸ್, ಜಿಗಿತ ಎರಡು ಬಗೆ, ಮೂರು ಕೋನ್ ಮತ್ತು ಷಟಲ್ ಎಂಬ ದಿಕ್ಕು ಬದಲಿಸಿ ಓಡುವ ಪರೀಕ್ಷೆಗಳೂ ಇವೆ. ತಂಡಗಳಿಗೆ ಇವೆಲ್ಲಕ್ಕಿಂತ ಮುಖ್ಯ ವೈದ್ಯಕೀಯ ತಪಾಸಣೆ. ಮೂರು ಕಾಲೇಜು ತಿರುಗಿದವನ ಎಂಆರ್‌ಐ ಮೂರು ಊರಲ್ಲಿರುತ್ತವೆ. ಪ್ರತಿ ಸಲ ಬಿಡುವಾಗಲೇ ಟ್ರೇನರ್ ಕಡೆಯಿಂದ ಪ್ರತಿ ತೆಗೆದುಕೊಳ್ಳಿ. ಹಳೆಯ ಕೋಚ್‌ಗಳಿಗೆಲ್ಲ ಫೋನು ಹೋಗುತ್ತದೆ ಎನ್ನುವುದೂ ನೆನಪಿರಲಿ. ಕಾಲೇಜು ಬದಲಿಸದೆಯೂ ದಾರಿ ಇದೆ: ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ನಾಲ್ಕು ವರ್ಷ ಐಯೊವಾ ಸ್ಟೇಟ್ ಒಂದರಲ್ಲೇ ಆಡಿದ, 2022ರ ಡ್ರಾಫ್ಟ್‌ನಲ್ಲಿ 262ನೇ, ಕಟ್ಟಕಡೆಯ ಆಯ್ಕೆ, ಎರಡನೇ ವರ್ಷಕ್ಕೇ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಆಡಿದ.

ಏಜೆಂಟ್ ಆಟಗಾರರ ಸಂಘದ ಪ್ರಮಾಣಪತ್ರ ಇದ್ದವನೇ ಆಗಿರಬೇಕು, ಕಮಿಷನ್ ಶೇಕಡಾ 3ಕ್ಕಿಂತ ಹೆಚ್ಚಾಗುವಂತಿಲ್ಲ. ಕಂಬೈನ್ ತರಬೇತಿಯ ಖರ್ಚು ಅವನು ಹಾಕಿದರೆ ಏಜೆಂಟ್ ಬದಲಿಸಿದಾಗ ಮರಳಿಸಬೇಕೋ ಅಂತ ಒಪ್ಪಂದದಲ್ಲಿ ನೋಡಿ. ಏಳು ಸುತ್ತಿನಲ್ಲೂ ಹೆಸರು ಬರದಿದ್ದರೆ, ಕೊನೆಯ ಆಯ್ಕೆ ಮುಗಿದ ನಿಮಿಷಗಳಲ್ಲೇ ಫೋನು ಬರುತ್ತದೆ. ಆಗ ಸಹಿಯ ಹಣ ಐದು ಸಾವಿರ ಡಾಲರ್ ಹೆಚ್ಚು ಕೊಡುವ ತಂಡಕ್ಕಿಂತ, ಆ ಜಾಗದಲ್ಲಿ ಆಟಗಾರರು ಕಡಿಮೆ ಇರುವ ತಂಡ ಮೇಲು. ಆ ಪಟ್ಟಿಯನ್ನು 32 ತಂಡಕ್ಕೂ ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ, ಫೋನು ಹಿಡಿದುಕೊಂಡು ಹುಡುಕಲು ಸಮಯ ಇರುವುದಿಲ್ಲ.

ಇಷ್ಟಕ್ಕೆ ನಿಲ್ಲಿಸುತ್ತೇನೆ. ಹನ್ನೊಂದನೇ ತರಗತಿಯ ಮಕ್ಕಳ ತಂದೆತಾಯಿಯ ಪ್ರಶ್ನೆ ಮೊದಲು ತೆಗೆದುಕೊಳ್ಳೋಣ, ಅವರಿಗೇ ಅವಸರ ಹೆಚ್ಚು.